ಹೇಳಿ ಮಾಡಿಸಿದ ಲ್ಯಾಪ್‌ಟಾಪಿಗೆ ಲಿನಕ್ಸ್ ಒಗ್ಗುವುದೇ?

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಕೊಳ್ಳಲು ಹೋದ ರೈತನು ಅದರ ಬಾಯಿ ಬಿಡಿಸಿ ಹಲ್ಲು ನೋಡದೆ, ಮೈಮೇಲಿನ ಸುಳಿಯನ್ನು ಪರೀಕ್ಷಿಸದೆ, ನಾಲ್ಕು ಹೆಜ್ಜೆ ನಡೆಯಿಸದೆ ಹಣ ಎಣಿಸುವುದಿಲ್ಲ. ಸೀರೆ ಕೊಳ್ಳುವ ಗೃಹಿಣಿಯು ಸೆರಗನ್ನು ಬೆಳಕಿಗೆ ಹಿಡಿದು ನೋಡುವಳು. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನಾದವನ್ನು ಕೇಳುವರು. ಇಷ್ಟು ವಿವೇಕಿಗಳಾದ ನಾವು ಲ್ಯಾಪ್‌ಟಾಪನ್ನು ಕೊಳ್ಳುವಾಗ ಮಾತ್ರ ಅದರ ಹೊರಮೈಯ ಬಣ್ಣವನ್ನೂ ಬೆಲೆಯ ಚೀಟಿಯನ್ನೂ ನೋಡಿ ತೃಪ್ತರಾಗುವುದೇಕೆ? ಅದರ ಹಲ್ಲು ಎಲ್ಲಿದೆ, ಸುಳಿ ಎಲ್ಲಿದೆ ಎಂಬುದು ನಮಗೆ ತಿಳಿಯದಿರುವುದೇ ಕಾರಣವಲ್ಲವೇ? ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗದಿಂದ ನಾವು ಈ ವಿಷಯವಾಗಿ ಕಲಿತುದನ್ನು ವಾಚಕರ ಮುಂದಿಡುತ್ತೇವೆ.

೨೦೨೫ನೆಯ ಇಸವಿಯ ಜೂನ್ ತಿಂಗಳು. ನಮ್ಮ ಮಗಳು ಸಂಖ್ಯಾಶಾಸ್ತ್ರದ ಮೇಲ್ತರಗತಿಗೆ ಸೇರುವ ಸಿದ್ಧತೆಯಲ್ಲಿದ್ದಳು. ಅಲ್ಲಿನ ಪ್ರಯೋಗಶಾಲೆಯ ಯಂತ್ರಗಳೆಲ್ಲವೂ ಲಿನಕ್ಸಿನಲ್ಲಿ ನಡೆಯತಕ್ಕವು. ಮನೆಯಲ್ಲಿಯೂ ಅದನ್ನೇ ಇಟ್ಟುಕೊಂಡರೆ ಅಭ್ಯಾಸಕ್ಕೆ ಅನುಕೂಲವೆಂದು ಉಪಾಧ್ಯಾಯರು ಹೇಳಿದ್ದರು. ಲಿನಕ್ಸ್ ಎಂದರೆ ವಿಂಡೋಸಿನಂತೆ ಯಂತ್ರದ ಎಲ್ಲ ಅಂಗಗಳನ್ನೂ ಆಳುವ ಒಂದು ಕಾರ್ಯಾಚರಣ ವ್ಯವಸ್ಥೆ. ಅದಕ್ಕೆ ಬೆಲೆ ತೆರಬೇಕಾದುದಿಲ್ಲ. ನಕಲು ಮಾಡಿ ನೆರೆಯವರಿಗೆ ಹಂಚಿದರೂ ಅದು ಕಳ್ಳತನವೆನಿಸುವುದಿಲ್ಲ. ನಮ್ಮ ಗೃಹಿಣಿಯ ಚೀಟಿಯ ಹಣ ಎಪ್ಪತ್ತೆರಡು ಸಾವಿರ ರೂಪಾಯಿ ಆಗತಾನೆ ಕೈಗೆ ಬಂದಿತ್ತು. ಗಿರಾಕಿಯು ಬೇಕಾದ ಭಾಗಗಳನ್ನು ಆರಿಸಿ ಹೇಳಿದರೆ ಅದರಂತೆಯೇ ಲ್ಯಾಪ್‌ಟಾಪನ್ನು ಕೂಡಿಸಿ ಕಳುಹಿಸುವ ಅಂಗಡಿಯೊಂದರ ಸಮಾಚಾರವು ಮಿತ್ರರೊಬ್ಬರಿಂದ ತಿಳಿಯಿತು. ವಿಂಡೋಸನ್ನು ಹಾಕಿಸದೆ ಕೊಂಡರೆ ಕೆಲವು ಸಾವಿರ ರೂಪಾಯಿ ಉಳಿಯುವುದು. ಆದರೆ ಕರಾರಿನಲ್ಲಿ ಒಂದು ಮಾತಿತ್ತು: ಹೇಳಿ ಮಾಡಿಸಿದ ವಸ್ತುವನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ.

ಹಣ ಕಳುಹಿಸುವ ಹಿಂದಿನ ದಿನ ಬೆಂಗಳೂರಿನಿಂದ ನಮ್ಮ ಸೋದರಳಿಯನು ಬಂದನು. ಅವನ ಉದ್ಯೋಗವೇ ಇಂಥ ಯಂತ್ರಗಳ ಮಧ್ಯದಲ್ಲಿ. ಅಂಗಡಿಯವರು ಕಳುಹಿಸಿದ್ದ ಪಟ್ಟಿಯನ್ನು ಅವನ ಕೈಗೆ ಕೊಟ್ಟೆವು. ಅವನು ಮೇಲಿನಿಂದ ಕೆಳಗಿನವರೆಗೆ ಓದಿ, “ಮಾವ, ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಎಲ್ಲವನ್ನೂ ಬರೆದಿದ್ದಾರೆ. ವೈಫೈ ಕಾರ್ಡು ಯಾರದು?” ಎಂದು ಕೇಳಿದನು.

“ಇಲ್ಲಿ ‘ವೈಫೈ ೬ ಇದೆ’ ಎಂದು ಬರೆದಿದೆಯಲ್ಲಪ್ಪ” ಎಂದೆವು.

“ವರನಿಗೆ ಕೆಲಸವಿದೆ ಎಂದು ಹೇಳಿದ ಹಾಗಾಯಿತು. ಎಲ್ಲಿ, ಏನು ಕೆಲಸ ಎಂದು ಕೇಳಬೇಡವೇ ಮಾವ?” ಎಂದನು.

ಆ ದಿನ ಸಾಯಂಕಾಲ ಅವನು ನಮಗೆ ವಿವರಿಸಿದ ಸಂಗತಿಗಳನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ.

ಮೇಜಿನ ಮೇಲಿಡುವ ಕಂಪ್ಯೂಟರನ್ನು ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಕೊಂಡು ಮನೆಯಲ್ಲಿಯೇ ಜೋಡಿಸಬಹುದು. ಲ್ಯಾಪ್‌ಟಾಪಿನ ವಿಚಾರ ಹಾಗಲ್ಲ. ಅದನ್ನು ಹೇಳಿ ಮಾಡಿಸುವುದೆಂದರೆ ಸಿದ್ಧವಾದ ಕವಚಕ್ಕೆ ಒಡವೆ ತೊಡಿಸುವುದು ಮಾತ್ರ. ತೈವಾನಿನ ಕ್ಲೆವೊ, ಚೀನದ ಟಾಂಗ್‌ಫಾಂಗ್ ಮುಂತಾದ ಕಾರ್ಖಾನೆಗಳು ಪರದೆ, ಕೀಲಿಮಣೆ, ಮುಖ್ಯ ಫಲಕ, ಅದಕ್ಕೆ ಬೆಸೆದ ಪ್ರೊಸೆಸರು ಇಷ್ಟನ್ನು ಕೂಡಿಸಿ ಹೆಸರಿಲ್ಲದ ಕವಚಗಳನ್ನು ತಯಾರಿಸುವುವು. ಊರೂರಿನ ವ್ಯಾಪಾರಿಗಳು ಅವನ್ನು ತರಿಸಿ, ಗಿರಾಕಿ ಹೇಳಿದಷ್ಟು ರ‍್ಯಾಮನ್ನೂ ಎಸ್.ಎಸ್.ಡಿ.ಯನ್ನೂ ವೈಫೈ ಕಾರ್ಡನ್ನೂ ಒಳಗೆ ಕೂಡಿಸಿ, ಮುಚ್ಚಳದ ಮೇಲೆ ತಮ್ಮ ಹೆಸರನ್ನು ಅಚ್ಚೊತ್ತುವರು. ಆದುದರಿಂದ ಅಂಗಡಿಯ ಹೆಸರನ್ನು ಹಿಡಿದು ‘ಇದಕ್ಕೆ ಲಿನಕ್ಸ್ ಒಗ್ಗುವುದೇ?’ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ದೊಡ್ಡ ಕಂಪೆನಿಗಳ ಮಾದರಿಗಳನ್ನು ಉಬುಂಟು ಮುಂತಾದವನ್ನು ಹೊರತರುವ ಸಂಸ್ಥೆಗಳು ತಾವೇ ಪರೀಕ್ಷಿಸಿ ಪಟ್ಟಿ ಪ್ರಕಟಿಸುವುದುಂಟು. ನಾವು ಹೇಳಿ ಮಾಡಿಸಿದ ಯಂತ್ರವು ಅಂಥ ಪಟ್ಟಿಯಲ್ಲಿ ಸಿಕ್ಕುವುದು ಅಪರೂಪ. ಇಲ್ಲಿ ಕವಚದ ಮೂಲ ಹೆಸರನ್ನು ಕೇಳಬೇಕು, ಒಳಗಿನ ಪ್ರತಿಯೊಂದು ಭಾಗದ ಹೆಸರನ್ನೂ ಕೇಳಬೇಕು. ಅಮೆರಿಕದ ಡೆನ್ವರಿನಲ್ಲಿರುವ ಸಿಸ್ಟಂ೭೬, ಜರ್ಮನಿಯ ಔಗ್ಸ್‌ಬರ್ಗಿನ ಟುಕ್ಸೇಡೊ ಎಂಬ ವ್ಯಾಪಾರಿಗಳು ಲಿನಕ್ಸನ್ನೇ ಹಾಕಿದ ಲ್ಯಾಪ್‌ಟಾಪುಗಳನ್ನು ಮಾರುವವರು. ಇವರು ಕ್ಲೆವೊ ಕವಚಗಳನ್ನು ಬಳಸಿರುವುದುಂಟು. ನಾವು ಕೊಳ್ಳಲಿರುವ ಕವಚವೇ ಅಂಥವರ ಅಂಗಡಿಯಲ್ಲಿ ಬೇರೊಂದು ಹೆಸರಿನಿಂದ ಮಾರಾಟವಾಗಿದ್ದರೆ ಅರ್ಧ ಚಿಂತೆ ತೀರಿತು.

ಭಾಗಗಳ ಮೇಲೆ ಇಷ್ಟು ಗಮನವೇಕೆಂದು ಕೇಳಬಹುದು. ಇದಕ್ಕೆ ಉತ್ತರವು ಲಿನಕ್ಸಿನ ಜನ್ಮವೃತ್ತಾಂತದಲ್ಲಿಯೇ ಇದೆ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ಯುವಕನು ೧೯೯೧ರ ಜನವರಿಯಲ್ಲಿ ಹೆಸರುವಾಸಿಯಲ್ಲದ ಒಂದು ೩೮೬ ಕಂಪ್ಯೂಟರನ್ನು ಕಂತಿನ ಮೇಲೆ ಕೊಂಡನು. ಅದರ ಮೇಲೆ ತಾನೇ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯತೊಡಗಿ, ಅದೇ ವರ್ಷದ ಆಗಸ್ಟ್ ೨೫ರಂದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅದನ್ನು ಲೋಕಕ್ಕೆ ತಿಳಿಸಿದನು. ಆ ಪ್ರಕಟಣೆಯಲ್ಲಿಯೇ ಅವನು, ತನ್ನಲ್ಲಿರುವ ಬಗೆಯ ಹಾರ್ಡ್ ಡಿಸ್ಕಿನ ಹೊರತು ಬೇರೆ ಯಾವುದಕ್ಕೂ ಇದು ಒಗ್ಗುವ ಸಂಭವವಿಲ್ಲವೆಂದು ಹೇಳಿಕೊಂಡಿದ್ದನು. ತನ್ನ ಬಳಿ ಇದ್ದುದಕ್ಕೆ ತಾನು ಬರೆದನು. ಇಲ್ಲದುದಕ್ಕೆ ಹೇಗೆ ಬರೆಯುವುದು? ಆಮೇಲೆ ಸಾವಿರಾರು ಜನ ಸೇರಿ ಅದನ್ನು ಬೆಳಸಿದರಾದರೂ ನಿಯಮವು ಇಂದಿಗೂ ಅದೇ. ಪ್ರತಿಯೊಂದು ಆನೆಗೂ ಅದರ ಸಂಜ್ಞೆಗಳನ್ನು ಬಲ್ಲ ಮಾವುತನು ಬೇಕಾದಂತೆ, ಯಂತ್ರದ ಪ್ರತಿಯೊಂದು ಅಂಗಕ್ಕೂ ಡ್ರೈವರ್ ಎಂಬ ಪುಟ್ಟ ಕ್ರಮವಿಧಿಯೊಂದು ಬೇಕು. ಆ ಅಂಗವನ್ನು ತಯಾರಿಸಿದ ಕಂಪೆನಿಯಾಗಲಿ, ಅದನ್ನು ಕೈಯಲ್ಲಿ ಹಿಡಿದ ಯಾರಾದರೊಬ್ಬರಾಗಲಿ ಅದನ್ನು ಬರೆದು, ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಸೇರಿಸಬೇಕು. ಸೇರಿಸಿದವರಿಲ್ಲದಿದ್ದರೆ ಅಂಗವು ಎಷ್ಟು ಬೆಲೆಯದಾದರೂ ನಿರ್ಜೀವ.

ಆದುದರಿಂದಲೇ ಇಲ್ಲಿ ಲೋಕವ್ಯವಹಾರಕ್ಕೆ ವಿರುದ್ಧವಾದ ಒಂದು ಸಂಗತಿ ಕಾಣುವುದು. ಹಳೆಯ ಯಂತ್ರಕ್ಕೆ ಲಿನಕ್ಸ್ ಸುಲಭವಾಗಿ ಒಗ್ಗುವುದು. ಹೊಚ್ಚ ಹೊಸದಕ್ಕೇ ತೊಡಕು. ಮಾರುಕಟ್ಟೆಗೆ ಬಂದು ಒಂದೆರಡು ವರ್ಷವಾದ ಭಾಗಗಳಿಗೆ ಡ್ರೈವರು ಸಿದ್ಧವಾಗಿರುವುದು ಸಾಮಾನ್ಯ. ನಿನ್ನೆ ಬಂದವಕ್ಕೆ ಇನ್ನೂ ಬರೆದಿರುವುದಿಲ್ಲ, ಅಥವಾ ಬರೆದುದು ನಮ್ಮ ಕೈಗೆ ಬಂದಿರುವುದಿಲ್ಲ.

ಪ್ರೊಸೆಸರು, ರ‍್ಯಾಮು, ಎಸ್.ಎಸ್.ಡಿ. ಇವುಗಳ ವಿಷಯದಲ್ಲಿ ಹೆಚ್ಚು ಭಯವಿಲ್ಲ. ಪರದೆಯ ಚಿತ್ರವನ್ನು ರಚಿಸುವ ಗ್ರಾಫಿಕ್ಸ್ ಭಾಗವು ಪ್ರೊಸೆಸರಿನೊಳಗೇ ಇರುವ ಇಂಟೆಲ್ ಅಥವಾ ಎ.ಎಂ.ಡಿ.ಯದಾದರೆ ಅದೂ ಸುಗಮ. ಎನ್‌ವಿಡಿಯಾ ಕಂಪೆನಿಯ ಪ್ರತ್ಯೇಕ ಕಾರ್ಡನ್ನು ಹಾಕಿಸಿದರೆ ಮಾತ್ರ ಕೆಲಸ ಸ್ವಲ್ಪ ಹೆಚ್ಚುವುದು. ಆ ಕಂಪೆನಿಯು ಬಹುಕಾಲ ತನ್ನ ಡ್ರೈವರಿನ ಗುಟ್ಟನ್ನು ಬಿಟ್ಟುಕೊಟ್ಟಿರಲಿಲ್ಲ. ೨೦೧೨ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾನಿಲಯದಲ್ಲಿ ತುಂಬಿದ ಸಭೆಯ ಮುಂದೆ ಟೊರ್ವಾಲ್ಡ್ಸ್ ಅವರು ಅದನ್ನು ಕುರಿತು ಆಡಿದ ಮಾತು ಸಂಸಾರವಂದಿಗರ ಪತ್ರಿಕೆಯಲ್ಲಿ ಅಚ್ಚುಹಾಕತಕ್ಕುದಲ್ಲ. ೨೦೨೨ರ ಮೇ ತಿಂಗಳಿನಲ್ಲಿ ಆ ಕಂಪೆನಿಯವರು ಕರ್ನಲ್ಲಿಗೆ ಸಂಬಂಧಿಸಿದ ಭಾಗವನ್ನು ಬಹಿರಂಗಪಡಿಸಿದರು. ಈಗ ಮೊದಲಿನಷ್ಟು ಕಷ್ಟವಿಲ್ಲ. ಆದರೂ ಲೆಕ್ಕ ಬರಹಗಳಿಗೆ ಆ ಕಾರ್ಡು ಏತಕ್ಕೆ? ಬ್ಯಾಟರಿಯನ್ನು ತಿನ್ನುವುದು, ಬೆಲೆಯನ್ನು ಏರಿಸುವುದು. ನಾವು ಅದನ್ನು ಪಟ್ಟಿಯಿಂದ ತೆಗೆದುಹಾಕಿಸಿದೆವು.

ಕ್ಯಾಮೆರಾ ಒಳಗೆ ಯು.ಎಸ್.ಬಿ. ಮೂಲಕ ಜೋಡಿಸಿದುದಾದರೆ ಒಳ್ಳೆಯದು. ತೀರ ತೆಳುವಾದ ಕೆಲವು ಹೊಸ ಯಂತ್ರಗಳಲ್ಲಿ ಬೇರೆ ಬಗೆಯಾಗಿ ಜೋಡಿಸಿರುವರು. ಅವು ಲಿನಕ್ಸಿನಲ್ಲಿ ಬಹಳ ಕಾಡುವುವು. ಬೆರಳಚ್ಚನ್ನು ಗುರುತಿಸುವ ಚೌಕವಂತೂ ಅದೃಷ್ಟದ ಆಟ. ಕೆಲವು ಕೆಲಸ ಮಾಡುವುವು, ಅನೇಕವು ಮಾಡುವುದಿಲ್ಲ. ಗುಪ್ತಪದವನ್ನು ಒತ್ತಲು ಬೆರಳುಗಳಿರುವಾಗ ಇದಕ್ಕಾಗಿ ವ್ಯಥೆಪಡಬೇಕಾದುದಿಲ್ಲ.

ಉಳಿದುದು ವೈಫೈ. ಇದೇ ಮುಖ್ಯವಾದ ಸುಳಿ. ಇದೊಂದು ನಡೆಯದಿದ್ದರೆ ಉಳಿದ ದೋಷಗಳಿಗೆ ಮದ್ದನ್ನು ತರಿಸಿಕೊಳ್ಳುವ ದಾರಿಯೇ ಮುಚ್ಚಿಹೋಗುವುದು. ಇಂಟೆಲ್ ಕಂಪೆನಿಯವರು ತಮ್ಮ ವೈಫೈ ಕಾರ್ಡುಗಳಿಗೆ ತಾವೇ ಲಿನಕ್ಸಿನ ಡ್ರೈವರನ್ನು ಬರೆದು ಸೇರಿಸುವರು. ಅವರ ಎ.ಎಕ್ಸ್. ೨೧೦ ಎಂಬ ಕಾರ್ಡು ೨೦೨೦ರ ಡಿಸೆಂಬರಿನಲ್ಲಿ ಹೊರಬಂದ ೫.೧೦ನೆಯ ಕರ್ನಲ್ಲಿನ ಕಾಲದಿಂದ ನಡೆಯುತ್ತಿದೆ. ಸೋದರಳಿಯನ ಮಾತಿನಂತೆ ಆ ಕಾರ್ಡನ್ನೇ ಹಾಕಬೇಕೆಂದು ಅಂಗಡಿಯವರಿಗೆ ಬರೆದೆವು. ಅವರು ಒಪ್ಪಿ ಹೊಸ ಪಟ್ಟಿಯನ್ನು ಕಳುಹಿಸಿದರು. ನಾವು ಹಣವನ್ನು ಕಳುಹಿಸಿದೆವು. ಸೋದರಳಿಯನು ಬೆಂಗಳೂರಿಗೆ ಹಿಂದಿರುಗುವಾಗ ಬೆರಳಿನಷ್ಟು ಉದ್ದದ ಪೆನ್ ಡ್ರೈವೊಂದನ್ನು ಮಗಳ ಕೈಗೆ ಕೊಟ್ಟು, ಯಂತ್ರ ಬಂದ ದಿನವೇ ಅದರಿಂದ ಪರೀಕ್ಷೆ ಮಾಡಬೇಕೆಂದು ಹೇಳಿಹೋದನು.

ಈ ಪೆನ್ ಡ್ರೈವಿನ ಉಪಾಯವನ್ನು ವಾಚಕರು ಅವಶ್ಯವಾಗಿ ತಿಳಿದಿರಬೇಕು. ಲಿನಕ್ಸನ್ನು ಯಂತ್ರದೊಳಗೆ ಸ್ಥಾಪಿಸದೆಯೇ, ಪೆನ್ ಡ್ರೈವಿನಿಂದಲೇ ನಡೆಯಿಸಿ ನೋಡಬಹುದು. ಯಂತ್ರದ ಎಸ್.ಎಸ್.ಡಿ.ಯ ಮೇಲೆ ಒಂದು ಅಕ್ಷರವೂ ಬರೆಯಲ್ಪಡುವುದಿಲ್ಲ. ಪೆನ್ ಡ್ರೈವನ್ನು ತೆಗೆದು ಮತ್ತೆ ಚಾಲೂ ಮಾಡಿದರೆ ಯಂತ್ರವು ಮೊದಲಿದ್ದಂತೆಯೇ ಇರುವುದು. ಅಂಗಡಿಗೆ ಹೋಗಿ ಕೊಳ್ಳುವವರು ವ್ಯಾಪಾರಿಯ ಅಪ್ಪಣೆ ಪಡೆದು ಅಲ್ಲಿಯೇ ಈ ಪರೀಕ್ಷೆಯನ್ನು ಮಾಡಬಹುದು. ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಇದನ್ನು ತಯಾರಿಸುವಾಗ ಅಳಿಸಿಹೋಗುವುದು. ಮದುವೆಯ ಫೋಟೋಗಳಿರುವುದನ್ನು ಇದಕ್ಕೆ ಉಪಯೋಗಿಸಬಾರದು. ಯಂತ್ರವನ್ನು ಚಾಲೂ ಮಾಡಿದೊಡನೆ ಎಫ್ ೨, ಎಫ್ ೧೨ ಮುಂತಾದ ಕೀಲಿಗಳಲ್ಲಿ ಆ ಯಂತ್ರಕ್ಕೆ ನಿಯಮಿತವಾದುದನ್ನು ಒತ್ತಿ, ಪೆನ್ ಡ್ರೈವಿನಿಂದ ಆರಂಭವಾಗುವಂತೆ ಹೇಳಬೇಕು. ವಿಂಡೋಸ್ ಮೊದಲೇ ಇರುವ ಯಂತ್ರವನ್ನು ಕೊಂಡವರು, ಲಿನಕ್ಸನ್ನು ಸ್ಥಾಪಿಸಲು ಹೊರಡುವ ಮುನ್ನ, ಬಿಟ್‌ಲಾಕರ್ ಎಂಬ ಬೀಗದ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ಇಲ್ಲದಿದ್ದರೆ ತಮ್ಮ ಕಡತಗಳಿಗೆ ತಾವೇ ಹೊರಗಿನವರಾಗುವ ಸಂಭವವುಂಟು.

ಹನ್ನೆರಡು ದಿನಗಳ ತರುವಾಯ ಯಂತ್ರವು ಬಂದಿತು. ಅರಿಸಿನ ಕುಂಕುಮವಿಟ್ಟು, ರಾತ್ರಿ ಊಟವಾದ ಮೇಲೆ ಎಲ್ಲರೂ ಸುತ್ತ ಕುಳಿತೆವು. ಮಗಳು ಪೆನ್ ಡ್ರೈವನ್ನು ಚುಚ್ಚಿ ಚಾಲೂ ಮಾಡಿದಳು. ಪರದೆಯ ಮೇಲೆ ಅಕ್ಷರಗಳು ಹರಿದು, ಒಂದು ನಿಮಿಷದಲ್ಲಿ ಚಿತ್ರ ಮೂಡಿತು. ಕೀಲಿಮಣೆ ನಡೆಯಿತು, ಧ್ವನಿ ಕೇಳಿಸಿತು, ಕ್ಯಾಮೆರಾದಲ್ಲಿ ನಮ್ಮ ತಾಯಿಯವರ ಮುಖ ಕಂಡು ಅವರು ಸೆರಗನ್ನು ಸರಿಮಾಡಿಕೊಂಡರು. ಆದರೆ ಮೂಲೆಯಲ್ಲಿ ಇರಬೇಕಾದ ವೈಫೈ ಗುರುತು ಇರಲಿಲ್ಲ. ಹುಡುಕಿ ನೋಡಲಾಗಿ, ‘ವೈಫೈ ಸಾಧನವು ಕಾಣಲಿಲ್ಲ’ ಎಂಬ ಅರ್ಥದ ಉತ್ತರ ಬಂದಿತು. ಆರಿಸಿ, ಮತ್ತೆ ಚಾಲೂ ಮಾಡಿ ನೋಡಿದೆವು. ಅದೇ ಉತ್ತರ. ನಮ್ಮ ಗೃಹಿಣಿಯು ಏನೂ ಹೇಳಲಿಲ್ಲ. ಎಪ್ಪತ್ತೆರಡು ಸಾವಿರವೂ ಎಷ್ಟು ತಿಂಗಳ ಕಂತುಗಳಿಂದ ಕೂಡಿತೆಂಬುದು ನಮಗೆ ಗೊತ್ತು. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂಬ ಕರಾರೂ ಗೊತ್ತು.

ಸೋದರಳಿಯನಿಗೆ ಫೋನು ಮಾಡಿದೆವು. ಅವನು ಮಗಳಿಗೆ ಹೇಳಿದುದಿಷ್ಟು: “ಅಕ್ಕ, ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ತೆರೆದು ಎಲ್, ಎಸ್, ಪಿ, ಸಿ, ಐ ಈ ಐದು ಅಕ್ಷರಗಳನ್ನು ಬಿಡದೆ ಒತ್ತು. ಆಮೇಲೆ ತೆರಪು ಬಿಟ್ಟು ಒಂದು ಅಡ್ಡಗೆರೆ, ಅದಕ್ಕೆ ಅಂಟಿಸಿ ಕೆ ಅಕ್ಷರ. ಎಲ್ಲವೂ ಸಣ್ಣಕ್ಷರವಾಗಿರಲಿ.” ಹೀಗೆ ಮಾಡಲಾಗಿ ಯಂತ್ರದೊಳಗಿನ ಅಂಗಗಳ ಹೆಸರುಗಳು ಸಾಲುಸಾಲಾಗಿ ಬಂದುವು. ಪ್ರತಿಯೊಂದರ ಕೆಳಗೂ ಅದನ್ನು ಯಾವ ಡ್ರೈವರು ನಡೆಯಿಸುತ್ತಿದೆ ಎಂಬುದು ಬರೆದಿರುವುದು. ಆ ಸಾಲು ಇಲ್ಲದ ಅಂಗಕ್ಕೆ ಮಾವುತನಿಲ್ಲವೆಂದು ತಿಳಿಯತಕ್ಕದ್ದು. ವೈಫೈ ಕಾರ್ಡಿನ ಕೆಳಗೆ ಆ ಸಾಲು ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಾರ್ಡಿನ ಹೆಸರೇ ಬೇರೆಯಾಗಿತ್ತು. ಇಂಟೆಲ್ ಎ.ಎಕ್ಸ್. ೨೧೦ ಇರಬೇಕಾದಲ್ಲಿ ರಿಯಲ್‌ಟೆಕ್ ೮೮೫೨ ಬಿ.ಇ. ಇತ್ತು!

ಹೊಸ ಪಟ್ಟಿಯನ್ನು ತೆಗೆದು ಮತ್ತೊಮ್ಮೆ ಓದಿದೆವು. ನಾವು ಹೇಳಿದ ಕಾರ್ಡಿನ ಹೆಸರು ಅಲ್ಲಿಯೇ ಇತ್ತು. ಅದರ ಮುಂದೆ, ಸಣ್ಣಕ್ಷರಗಳಲ್ಲಿ, ‘ಅಥವಾ ತತ್ಸಮಾನ’ ಎಂದಿತ್ತು. ನಲವತ್ತು ವರ್ಷಗಳಿಂದ ಕ್ರಯಪತ್ರಗಳನ್ನೂ ಭೋಗ್ಯಪತ್ರಗಳನ್ನೂ ಓದಿದ ಕಣ್ಣುಗಳಿಗೆ ಆ ಎರಡು ಪದಗಳು ಕಾಣಲಿಲ್ಲವೆಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುವುದು. ಅಂಗಡಿಯವರಿಗೆ ಮರುದಿನ ಫೋನು ಮಾಡಲಾಗಿ, ಎರಡೂ ವೈಫೈ ೬ ಜಾತಿಯವೇ, ವಿಂಡೋಸಿನಲ್ಲಿ ಎರಡೂ ಒಂದೇ ರೀತಿಯಲ್ಲಿ ನಡೆಯುವುವು, ಆದುದರಿಂದ ಸಮಾನವೇ ಎಂದರು. ಅವರ ದೃಷ್ಟಿಯಿಂದ ಅದು ಸುಳ್ಳಲ್ಲ. ಲಿನಕ್ಸಿಗಾಗಿ ಕೊಳ್ಳುತ್ತೇವೆಂದು ನಾವು ಪತ್ರದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಸೋದರಳಿಯನು ಮಾತ್ರ ಕಾರ್ಡಿನ ಹೆಸರನ್ನು ಕೇಳಿದೊಡನೆ ನಕ್ಕುಬಿಟ್ಟಿದ್ದನು. ಅವನು ಕೊಟ್ಟಿದ್ದ ಪೆನ್ ಡ್ರೈವಿನಲ್ಲಿ ಇದ್ದುದು ೨೦೨೩ರ ಜೂನ್ ತಿಂಗಳಿನಲ್ಲಿ ಪ್ರಕಟವಾದ ಡೆಬಿಯನ್ ೧೨. ಅದರ ಕರ್ನಲ್ಲು ೨೦೨೨ರ ಡಿಸೆಂಬರಿನ ೬.೧. ಈ ರಿಯಲ್‌ಟೆಕ್ ಕಾರ್ಡಿನ ಡ್ರೈವರು ಕರ್ನಲ್ಲಿಗೆ ಸೇರಿದುದು ಅದರ ಮುಂದಿನದಾದ ೬.೨ರಲ್ಲಿ, ೨೦೨೩ರ ಫೆಬ್ರವರಿಯಲ್ಲಿ. ಎರಡು ತಿಂಗಳ ಅಂತರದಲ್ಲಿ ನಮ್ಮ ಗಾಡಿ ತಪ್ಪಿತ್ತು. ‘ನನ್ನ ಬುತ್ತಿಯೇ ಹಳಸಿತ್ತು, ಯಂತ್ರದ ತಪ್ಪಿಲ್ಲ’ ಎಂದನು ಅವನು. ೨೦೨೪ರ ಏಪ್ರಿಲಿನಲ್ಲಿ ಬಂದ ಉಬುಂಟು ೨೪.೦೪ರಲ್ಲಿ ೬.೮ನೆಯ ಕರ್ನಲ್ಲು ಇದೆ. ಅದನ್ನು ತರಿಸಿ ನೋಡಬೇಕೆಂದು ತಿಳಿಸಿದನು. ನೆರೆಮನೆಯವರ ಕಂಪ್ಯೂಟರಿನಲ್ಲಿ ಅದನ್ನು ಇಳಿಸಿಕೊಂಡು ಅದೇ ಪೆನ್ ಡ್ರೈವಿಗೆ ತುಂಬಿದೆವು. ಮರುದಿನ ಸಾಯಂಕಾಲ ಮತ್ತೆ ಎಲ್ಲರೂ ಕುಳಿತೆವು; ಈ ಸಲ ನಮ್ಮ ಗೃಹಿಣಿಯು ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಯಂತ್ರವು ಚಾಲೂ ಆಯಿತು. ಮೂಲೆಯಲ್ಲಿ ಬೀಸಣಿಗೆಯಾಕಾರದ ಗುರುತು ಕಾಣಿಸಿತು. ಅದನ್ನು ಒತ್ತಲಾಗಿ ನಮ್ಮ ಮನೆಯದೂ ಅಕ್ಕಪಕ್ಕದ ಮನೆಗಳದೂ ವೈಫೈ ಹೆಸರುಗಳು ಸಾಲಾಗಿ ಬಂದುವು. ಮಗಳು ‘ಅಮ್ಮಾ’ ಎಂದು ಕೂಗಿದ ಕೂಗಿಗೆ ನೆರೆಮನೆಯವರೂ ಬಾಗಿಲಿಗೆ ಬಂದರು.

ವೈಫೈ ನಡೆಯದೆ ಹೋಗಿದ್ದರೂ ದಾರಿಯಿತ್ತೆಂಬುದು ನಮಗೆ ಆಮೇಲೆ ತಿಳಿಯಿತು. ಮೊಬೈಲ್ ಫೋನನ್ನು ಯು.ಎಸ್.ಬಿ. ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಅದರ ಇಂಟರ್‌ನೆಟ್ಟನ್ನು ಹಂಚಿಕೊಳ್ಳಬಹುದು. ವೈಫೈ ಕಾರ್ಡು ಬೆಸೆದುದಾಗಿರದೆ ತಿರುಪಿನಿಂದ ಕೂಡಿಸಿದುದಾದರೆ ಅದನ್ನು ತೆಗೆದು ಬೇರೊಂದನ್ನು ಹಾಕಲೂಬಹುದು. ಎ.ಎಕ್ಸ್. ೨೧೧ ಎಂಬ ಕಾರ್ಡು ಹೆಸರಿನಲ್ಲಿ ೨೧೦ಕ್ಕೆ ತಮ್ಮನಂತೆ ತೋರಿದರೂ ಇಂಟೆಲ್ಲಿನ ಕೆಲವು ಪ್ರೊಸೆಸರುಗಳ ಜೊತೆಯಲ್ಲಿ ಮಾತ್ರ ನಡೆಯತಕ್ಕದ್ದು. ಕೊಳ್ಳುವವರು ಆ ಒಂದು ಅಂಕಿಯನ್ನು ಎರಡು ಸಲ ನೋಡಬೇಕು.

ವೈಫೈ ಬಂದ ಸಂತೋಷದಲ್ಲಿ ಉಳಿದ ಪರೀಕ್ಷೆಗಳನ್ನು ಬಿಡಲಿಲ್ಲ. ಲಿನಕ್ಸನ್ನು ಸ್ಥಾಪಿಸಿದ ತರುವಾಯ, ರಾತ್ರಿ ಬ್ಯಾಟರಿ ೯೨ ಇದ್ದಾಗ ಮುಚ್ಚಳವನ್ನು ಮುಚ್ಚಿಟ್ಟೆವು. ಬೆಳಗ್ಗೆ ತೆರೆದಾಗ ೮೫ ಇತ್ತು. ಕೆಲವು ಹೊಸ ಯಂತ್ರಗಳು ಮುಚ್ಚಿದ ಮೇಲೂ ಸರಿಯಾಗಿ ನಿದ್ರಿಸದೆ ಚೀಲದೊಳಗೆ ಕಾಯ್ದು, ಬೆಳಗಾಗುವಷ್ಟರಲ್ಲಿ ಬ್ಯಾಟರಿಯನ್ನು ಬರಿದುಮಾಡುವುವಂತೆ. ನಮ್ಮದು ಆ ಜಾತಿಯದಲ್ಲ. ಕನ್ನಡದ ಅಕ್ಷರಗಳು ಒಡೆಯದೆ, ಒತ್ತು ದೀರ್ಘಗಳು ಸ್ಥಾನ ತಪ್ಪದೆ ಮೂಡಿದುವು. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಲಾಗಿ ಕಗಪ ವಿನ್ಯಾಸವು ಸಿದ್ಧವಾಗಿಯೇ ಇತ್ತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸವೇ ಇದಕ್ಕೆ ಮೂಲ. ನುಡಿಯಲ್ಲಿ ಕೈಪಳಗಿದವರಿಗೆ ಬೆರಳು ತಾನಾಗಿಯೇ ಹೋಗುವುದು. ಈ ಲೇಖನವನ್ನು ಬರೆದುದು ಅದೇ ಯಂತ್ರದಲ್ಲಿ, ಮಗಳು ಮಲಗಿದ ಮೇಲೆ ಸಿಕ್ಕಿದ ಬಿಡುವಿನಲ್ಲಿ.

ಬೆರಳಚ್ಚಿನ ಚೌಕವು ಇಂದಿನವರೆಗೂ ನಡೆದಿಲ್ಲ. ಎಲ್, ಎಸ್, ಯು, ಎಸ್, ಬಿ ಎಂದು ಒತ್ತಿದರೆ ಯು.ಎಸ್.ಬಿ. ಅಂಗಗಳ ಗುರುತಿನ ಸಂಖ್ಯೆಗಳು ಬರುವುವು. ನಮ್ಮ ಚೌಕದ ಸಂಖ್ಯೆಯನ್ನು ಲಿನಕ್ಸಿಗೆ ಒಗ್ಗುವವುಗಳ ಪಟ್ಟಿಯೊಡನೆ ಸೋದರಳಿಯನು ಹೋಲಿಸಿ ನೋಡಿ, ಅದು ಅಲ್ಲಿಲ್ಲವೆಂದು ತಿಳಿಸಿದನು. ಆ ವರ್ಷದ ಆಯುಧಪೂಜೆಯ ದಿನ ಲ್ಯಾಪ್‌ಟಾಪನ್ನೂ ಕತ್ತರಿ, ಕುಡುಗೋಲು, ಹೊಲಿಗೆಯಂತ್ರಗಳ ಸಾಲಿನಲ್ಲಿ ಇಟ್ಟೆವು. ನಮ್ಮ ತಾಯಿಯವರು ಕಲಸಿದ ಕುಂಕುಮದ ಬಟ್ಟಲನ್ನು ಹಿಡಿದು, ಎಲ್ಲಿ ಇಟ್ಟರೆ ಏನು ಕೆಡುವುದೋ ಎಂದು ಅನುಮಾನಿಸಿ ನಿಂತರು. ಮಗಳು ಆ ಚೌಕವನ್ನು ತೋರಿಸಿ, “ಇಲ್ಲಿಡಿ ಅಜ್ಜಿ, ಇದಕ್ಕೆ ಬೇರೆ ಕೆಲಸವಿಲ್ಲ” ಎಂದಳು.